ಎರಡನೇ ಸಲ ಕೊಯ್ದ ಕವಾಟ

ಕಳೆದ ಬುಧವಾರ ತಾರ್ನಾಕದ ನಮ್ಮ ಫ್ಲ್ಯಾಟಿನ ಕಿಟಕಿ ಸರಳುಗಳಿಗೆ ಬಣ್ಣ ಹಚ್ಚಿದರು. ಥಿನ್ನರ್ ಡಬ್ಬಿ ತೆರೆದ ಕೂಡಲೇ ಮೇಲಿನ ಮಹಡಿಯ ಕಾಕಾ ನೆನಪಾದರು. ಅವರು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದರು. ಸಂಜೆ ಅವರು ಲಿಫ್ಟಿಗೆ ಬಂದರೆ ಅಂಗಿಯಿಂದ ಇಂಥದೇ ವಾಸನೆ ಬರುತ್ತಿತ್ತು...

ದೇಹದಿಂದ ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಲು ತೆಳ್ಳಗೆ ಕೊಯ್ಯುವುದು ಅವರ ಕೆಲಸ. ಅವರಷ್ಟು ತೆಳ್ಳಗೆ ಕೊಯ್ಯುವವರು ಆ ಲ್ಯಾಬಿನಲ್ಲಿ ಇನ್ನೊಬ್ಬರಿರಲಿಲ್ಲ. “ಇವರು ಕೊಯ್ದದ್ದು ಕಣ್ಣಿಗೇ ಕಾಣಂಗಿಲ್ಲಂತ. ಉಳ್ಳಾಗಡ್ಡಿ ಹೆಚ್ಚಾಕ ಕೊಟ್ಟು ನೋಡ್ರಿ, ಇಟ್ಟಂಗಿಯಂಥಾ ದಪ್ಪ ಹೋಳು ಮಾಡಿ ಇಡ್ತಾರ,” ಎಂದು ಅವರ ಹೆಂಡತಿ ನಗುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಅಮ್ಮನ ಹೃದಯದ ಒಂದು ಕವಾಟ ಗಡುಸಾಗಿ ಕಿರಿದಾಗಿತ್ತು. ಅದನ್ನು ತೆಗೆದು ಹೊಸದು ಹಾಕಿದ್ದು ಕಾಕಾ ಇದ್ದ ಆಸ್ಪತ್ರೆಯಲ್ಲೇ. ಹೃದಯದ ಗೋಡೆಯೂ ದಪ್ಪವಾಗಿತ್ತು. ಕಿರಿದಾದ ಕವಾಟದಿಂದ ರಕ್ತ ದೂಡಿ ದೂಡಿ ಹಾಗಾಗಿರಬಹುದು. ಇಲ್ಲವೇ ಅಮಿಲಾಯ್ಡ್, ಅಂದರೆ ಮಡಿಕೆ ತಪ್ಪಿದ ಪ್ರೋಟೀನು, ಅಲ್ಲಿ ಸೇರಿಕೊಂಡಿರಬಹುದು. ಹಾಗಿದ್ದರೆ ಹೊಸ ಕವಾಟವೊಂದೇ ಸಾಲದು ಎಂದಿದ್ದರು ಡಾಕ್ಟರು. ಅದನ್ನು ತಿಳಿಯಲು ಲ್ಯಾಬಿಗೆ ಕಳಿಸಿದ ಹಳೆಯ ಕವಾಟವನ್ನು ಕೊಯ್ದವರು ಕಾಕಾ. ಅಮಿಲಾಯ್ಡ್ ಇಲ್ಲ ಎಂದು ರಿಪೋರ್ಟ್ ಬಂತು. ನಾವು ಪೇಡೆ ಹಂಚಿದೆವು.

ಎರಡು ದಿನ ಬಿಟ್ಟು ಅವರು ಮನೆಗೆ ಬಂದರು. ಕೂತುಕೊಳ್ಳಲಿಲ್ಲ.

“ಅಕ್ಕಾರ, ತಪ್ಪು ನಂದೈತಿ. ಅಮಿಲಾಯ್ಡ್ ಹುಡುಕಾಕ ಹಾಕೋ ಬಣ್ಣ ಕಾಣಬೇಕಂದ್ರ ಚೂರು ಸ್ವಲ್ಪ ದಪ್ಪ ಇರಬೇಕು. ನಾ ರೂಢಿ ಪ್ರಕಾರ ಭಾಳ ತೆಳ್ಳಗ ಕೊಯ್ದೀನಿ. ನಮ್ಮ ಲ್ಯಾಬಿನ ಡಾಕ್ಟರ್ ಮೇಡಂಗೆ ಹೇಳೀನಿ, ಮತ್ತ ಕೊಯ್ಯಾಕತ್ತೀನಿ.”

“ಇಲ್ಲಂತ ಬಂದಿತ್ತಲ್ರಿ,” ಎಂದಳು ಅಮ್ಮ. “ಸುಮ್ನಿರಾಕ ಏನಾಗಿತ್ತು ನಿಮಗ?”

“ನೋಡಲಾರದ ಇಲ್ಲಂತ ಹೆಂಗ ಅನ್ಲಿ?”

ಅವರನ್ನು ಯಾರೂ ಪ್ರಶ್ನಿಸಿರಲಿಲ್ಲ. ರಿಪೋರ್ಟಿಗೆ ಸಹಿ ಬಿದ್ದಿತ್ತು. ನಾನು ಪತ್ರಿಕೆಯಲ್ಲಿ ಕೆಲಸ ಮಾಡುತ್ತೇನೆ. ಹೊರಗೆ ಹೋದ ತಪ್ಪನ್ನು ತಾವಾಗಿ ಬಂದು ಒಪ್ಪಿಕೊಂಡವರನ್ನು ಹೆಚ್ಚು ಕಂಡಿಲ್ಲ.

ದಪ್ಪ ಚೂರಿನಲ್ಲಿ ಅಮಿಲಾಯ್ಡ್ ಇತ್ತು. ಆಮೇಲೆ ಮೂರು ವಾರ ಪರೀಕ್ಷೆಗಳು: ರಕ್ತ, ಮೂತ್ರ, ಹೊಟ್ಟೆಯ ಕೊಬ್ಬು, ಹೃದಯದ ಸ್ಕ್ಯಾನ್. ಆ ಮೂರು ವಾರ ಅಮ್ಮ ಕಾಕಾ ಜೊತೆ ಸರಿಯಾಗಿ ಮಾತಾಡಲಿಲ್ಲ. ಬೇರೆಲ್ಲೂ ಏನೂ ಸಿಗಲಿಲ್ಲ; ಇದ್ದದ್ದು ತೆಗೆದ ಕವಾಟದಲ್ಲಿ ಮಾತ್ರ. ಬೇರೆ ಚಿಕಿತ್ಸೆ ಬೇಕಾಗಲಿಲ್ಲ. ಯಾಕೆ ಅಲ್ಲಿ? ಮೇಡಂ ತೆಲುಗಿನಲ್ಲಿ ಹೇಳಿದ್ದನ್ನು ಕಾಕಾ ಅಮ್ಮನಿಗೆ ಬಿಡಿಸಿ ಹೇಳಿದರು. “ಇಷ್ಟ್ ವರ್ಷ ರಕ್ತ ಬಡದು ಬಡದು ಕವಾಟ ಸವದಿರಬಹುದು, ಉರಿಯೂತ ಇರಬಹುದು, ವಯಸ್ಸೂ ಇರಬಹುದು. ಖರೇ ಕಾರಣ ಇನ್ನೂ ಯಾರಿಗೂ ಗೊತ್ತಿಲ್ಲಂತ್ರಿ.”

ಆಮೇಲೆ ಊರಿಂದ ಯಾರೇ ಬಂದರೂ ಅಮ್ಮ ಕಾಕಾರನ್ನು ಕರೆಸುತ್ತಿದ್ದಳು. “ತಮ್ಮ ತಪ್ಪು ತಾವ ಹಿಡದ ಮನುಷ್ಯಾರು ಇವ್ರು,” ಎಂದು ಪರಿಚಯಿಸುತ್ತಿದ್ದಳು. ಕಾಕಾ ನಾಚಿಕೊಂಡು ಚಹಾ ಕುಡಿಯುತ್ತಿದ್ದರು...

ಕಾಕಾ ಕಳೆದ ವರ್ಷ ತೀರಿಕೊಂಡರು. ಮೇಲಿನ ಮಹಡಿಯಲ್ಲಿ ಈಗ ಬೇರೆಯವರಿದ್ದಾರೆ. ಕಳೆದ ತಿಂಗಳು ಅಮ್ಮನಿಗೆ ಹೃದಯದ ಎಕೊ ಸ್ಕ್ಯಾನ್ ಮಾಡಿಸಿದೆವು. ಹೃದಯದ ಗೋಡೆಯ ದಪ್ಪ ಇಳಿದಿದೆ.