ಬೋರಿನ ನೀರು ಕಂಡ ಶಾಫ್ಟ್

ಅಪ್ಪ ಹೈದರಾಬಾದಿನ ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದ. ಮೀನುಗಾರಿಕೆ ದೋಣಿಗಳ ಎಂಜಿನ್ ಕಾಯದಂತೆ ಸಮುದ್ರದ ನೀರನ್ನು ಎಳೆದು ಅದರ ಸುತ್ತ ಹರಿಸುವ ಪಂಪುಗಳು ಅಲ್ಲಿ ತಯಾರಾಗುತ್ತಿದ್ದವು. ಪಂಪಿನ ಹೊಟ್ಟೆಯಲ್ಲಿ ತಿರುಗುವ ಗೇಣುದ್ದದ ಉಕ್ಕಿನ ಶಾಫ್ಟನ್ನು ಲೇತಿಗೆ ಕೂರಿಸಿ ಕೊಯ್ದು ನುಣುಪು ಮಾಡುವುದು ಅಪ್ಪನ ಕೆಲಸ. ಹನ್ನೊಂದು ವರ್ಷ ಅದನ್ನೇ ಮಾಡಿದ ಅಪ್ಪ ಸಮುದ್ರವನ್ನು ನೋಡಿರಲಿಲ್ಲ. ನಾವು ಯಾರೂ ನೋಡಿರಲಿಲ್ಲ. ನಮ್ಮ ಮೂಲ ರಾಯಚೂರಿನ ಕಡೆ. ನಾನು ಹುಟ್ಟಿದ್ದು, ಬೆಳೆದದ್ದು ಹೈದರಾಬಾದಿನಲ್ಲಿ.

ಆ ಪಂಪುಗಳನ್ನು ಕೊಳ್ಳುವವರಲ್ಲಿ ಕಾಕಿನಾಡದ ಒಬ್ಬ ದೋಣಿ ಯಜಮಾನರಿದ್ದರು. ಪಂಪಿನ ಅಳತೆ ಕೇಳಲು ಶುರುವಾದ ಫೋನು ಹಬ್ಬಕ್ಕೆ ಶುಭಾಶಯ ಹೇಳುವವರೆಗೆ ಬೆಳೆದಿತ್ತು. ಅವರು ಅಪ್ಪನನ್ನು ‘ಮೇಸ್ತ್ರಿಗಾರು’ ಎನ್ನುತ್ತಿದ್ದರು. ಅವರ ಮಾತು ತೆಲುಗು. ಇಲ್ಲಿ ನಮ್ಮ ಮನೆಯ ಮಾತಿನಲ್ಲೇ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ದಿನಚರಿಯಲ್ಲೂ ಅದು ಹಾಗೆಯೇ ಇದೆ.

“ಮೇಸ್ತ್ರಿಗಾರು, ಸಮುದ್ರ ನೋಡದ ಮನಷ್ಯಾ ಸಮುದ್ರದ ಪಂಪ್ ಮಾಡ್ತಾನ ಅಂದ್ರ ನಮ್ಮ ಹುಡುಗ್ರು ನಗ್ತಾರ. ಒಮ್ಮೆ ಮನಿ ಮಂದಿನ್ನ ಕರ್ಕೊಂಡು ಬರ್ರಿ. ದಂಡಿ ಕಾಣದಷ್ಟು ದೂರ ಕರ್ಕೊಂಡು ಹೋಗಿ ಮೀನು ಹಿಡಿಸ್ತೀನಿ.”

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ ನಸುಕಿನಲ್ಲಿ ಅಪ್ಪ, ಅವ್ವ, ನಾನು ಕಾಕಿನಾಡದಲ್ಲಿ ಅವರ ದೋಣಿ ಹತ್ತಿದೆವು. ಅವ್ವನ ಚೀಲದಲ್ಲಿ ಹಬ್ಬಕ್ಕೆ ಬಡಿದಿದ್ದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಇದ್ದವು. ಎಂಜಿನ್ ನೋಡಿಕೊಳ್ಳುವ ಡ್ರೈವರ್ ಯಜಮಾನರ ಹೆಂಡತಿಯ ತಮ್ಮ. ಮೂವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ. ಹಲಗೆ ದಾಟುವಾಗ ಅವ್ವನ ಕೈ ಹಿಡಿದುಕೊಂಡವನು ಅವನೇ.

“ಹೆಣ್ಮಕ್ಕಳು ಹತ್ತಿದ್ರ ಮೀನು ಸಿಗಂಗಿಲ್ಲ ಅಂತಾರಮ್ಮ ನಮ್ಮ ಕಡೆ,” ಎಂದರು ಯಜಮಾನರು, ನಗುತ್ತ.

“ಸಿಗಲಿಲ್ಲಂದ್ರ ನನ್ನ ಹೆಸರು ಹೇಳ್ರಿ. ಸಿಕ್ರ ನಿಮ್ಮ ಹೆಸರು ಹೇಳ್ಕೊಳ್ರಿ,” ಎಂದಳು ಅವ್ವ.

ಬೆಳಕು ಹರಿಯುವ ಹೊತ್ತಿಗೆ ದಡ ಒಂದು ಗೆರೆಯಾಗಿತ್ತು. ಆಮೇಲೆ ಆ ಗೆರೆಯೂ ಇರಲಿಲ್ಲ, ಮೊಬೈಲಿನ ಸಿಗ್ನಲ್ಲೂ ಇರಲಿಲ್ಲ. ಅಪ್ಪ ದೋಣಿಯ ಅಂಚಿಗೆ ಬಗ್ಗಿ, ಮೇಲೆ ಸಿಡಿದ ನೀರಿಗೆ ಬೆರಳೊಡ್ಡಿ ನಾಲಿಗೆಗೆ ಮುಟ್ಟಿಸಿಕೊಂಡ.

“ಇಷ್ಟು ಉಪ್ಪು ಇರ್ತೈತೇನು ಇದು?”

“ಮತ್ತ ಸಮುದ್ರದಾಗ ಸಕ್ಕರಿ ಸುರೂತಾರೇನ್ರಿ ಮೇಸ್ತ್ರಿಗಾರು?” ಡ್ರೈವರ್ ನಕ್ಕ. ಅವ್ವನೂ ನಕ್ಕಳು. ಅಪ್ಪ ನಗಲಿಲ್ಲ. ವಾಂತಿ ಬರುತ್ತಿರಬೇಕು ಎಂದುಕೊಂಡೆ. ನನಗೆ ಆಗಲೇ ಎರಡು ಸಲ ಆಗಿತ್ತು.

ಡ್ರೈವರ್ ನಮಗೆ ದೋಣಿಯ ಮಗ್ಗುಲಲ್ಲಿದ್ದ ಒಂದು ಪೈಪು ತೋರಿಸಿದ. ಅದರಿಂದ ನೀರು ಒಂದೇ ಸಮ ಹೊರಗೆ ಬೀಳುತ್ತಿತ್ತು. “ಇದು ನಿಮ್ಮ ಪಂಪ್ ಎಳದ ನೀರು. ಎಂಜಿನ್ನಿನ ಕಾವು ತಗೊಂಡು ಹೊರಗ ಹೋಗ್ತೈತಿ. ಇದು ಬೀಳೂತನ ನಮಗೇನೂ ಭಯ ಇಲ್ಲ. ಇದು ನಿಂತ್ರ ನಾವೂ ನಿಂತಂಗ.” ಸ್ವಲ್ಪ ದನಿ ತಗ್ಗಿಸಿ, “ಹದಿನೈದು ದಿನ ಆತು, ಪಂಪಿನ ಸಪ್ಪಳ ಬ್ಯಾರೆ ಥರ ಬರಾಕತ್ತೈತಿ. ನೀವು ಬಂದೀರಲ್ಲ, ಮಧ್ಯಾಹ್ನ ಒಮ್ಮೆ ಕಿವಿ ಕೊಟ್ಟು ಕೇಳ್ರಿ,” ಎಂದ.

“ಅವಗ ಎಲ್ಲಾದರಾಗೂ ಸಪ್ಪಳ ಕೇಳ್ತೈತಿ. ಹಬ್ಬದ ದಿನ ನನ್ನ ಹೊಟ್ಟ್ಯಾಗೂ ಕೇಳಿಸ್ತಂತ,” ಎಂದರು ಯಜಮಾನರು ಹಿಂದಿನಿಂದ.

ದೋಣಿಯ ಹಿಂದೆ ಉದ್ದನೆಯ ದಾರಗಳಲ್ಲಿ ಗಾಳ ಬಿಟ್ಟು ನಿಧಾನ ಸಾಗುತ್ತಿದ್ದೆವು. ಮೊದಲ ಮೀನು ಕಚ್ಚಿದ್ದು ಅವ್ವ ಹಿಡಿದಿದ್ದ ದಾರಕ್ಕೆ. ದಾರ ಅಂಗೈ ಕೊಯ್ಯಿತು, ಅವಳು ಬಿಡಲಿಲ್ಲ. ಡ್ರೈವರ್ ಓಡಿ ಬಂದು ಅವಳ ಕೈಗೆ ತನ್ನ ಟವೆಲ್ ಸುತ್ತಿ, ಇಬ್ಬರೂ ಸೇರಿ ಎಳೆದರು. ನನ್ನ ತೋಳಿಗಿಂತ ಉದ್ದದ ವಂಜರಂ, ಅಂದರೆ ಅಂಜಲ್ ಮೀನು. ಹೈದರಾಬಾದಿನಲ್ಲಿ ನಾವು ಅದನ್ನು ತುಂಡು ತುಂಡಾಗಿ, ಹಬ್ಬ ಹುಣ್ಣಿಮೆ ನೋಡಿ ಕೊಳ್ಳುವವರು. ಅಪ್ಪ ಅದರ ಪಕ್ಕ ಕೂತು ಹೊಟ್ಟೆಯ ಬೆಳ್ಳಿಯ ಮೇಲೆ ಬೆರಳಾಡಿಸಿ, “ಹಿಂಗ ನುಣುಪು ಮಾಡಾಕ ನನಗ ಅರ್ಧ ದಿನ ಬೇಕು,” ಎಂದ. ಹನ್ನೊಂದು ಗಂಟೆಯೊಳಗೆ ವಂಜರಂ ಮೂರು, ಸೂರ ಮೀನು ಏಳು ಎಂದು ಬರೆದುಕೊಂಡಿದ್ದೇನೆ. ಆ ದಿನದ ಮೀನಿನ ಲೆಕ್ಕ ಅಲ್ಲಿಗೆ ನಿಂತಿದೆ.

ಪೈಪಿನ ನೀರು ತೆಳ್ಳಗಾದದ್ದನ್ನು ಮೊದಲು ಕಂಡವನು ಡ್ರೈವರ್. ಕೂಗುತ್ತ ಕೆಳಗೆ ಇಳಿದ. ಅವನು ಎಂಜಿನ್ ಆರಿಸುವಷ್ಟರಲ್ಲಿ ಕೆಳಗಿನಿಂದ ಆವಿ, ಬಣ್ಣ ಸುಟ್ಟ ವಾಸನೆ ಮೇಲೆ ಬಂದಿತ್ತು. ಎಂಜಿನ್ ನಿಂತ ಮೇಲೆ ದೋಣಿ ಅಡ್ಡ ತಿರುಗಿ ತೊಟ್ಟಿಲಿನಂತೆ ಹೊಯ್ದಾಡತೊಡಗಿತು. ನಾನು ಅವ್ವನ ಸೆರಗು ಹಿಡಿದುಕೊಂಡೆ. ಇಪ್ಪತ್ತೆರಡು ವರ್ಷದ ಹುಡುಗಿ ನಾನು.

ಪಂಪು ಬಿಚ್ಚಿದರು. ಶಾಫ್ಟ್ ಎರಡು ತುಂಡಾಗಿತ್ತು.

“ನೀರು ಬರ್ತೈತೋ ಇಲ್ಲೋ ನೋಡಾಕ ನಿನ್ನ ಇಟ್ಟೀನಿ,” ಎಂದರು ಯಜಮಾನರು ಭಾವಮೈದುನನಿಗೆ. “ಅಷ್ಟೂ ಆಗಂಗಿಲ್ಲ ನಿನಗ.”

“ಸಪ್ಪಳ ಬರಾಕತ್ತೈತಿ ಅಂತ ಹೇಳಿದ್ನಲ್ಲ ಭಾವ.”

“ನೀರು ಸೋಸೂ ಜಾಲರಿ ತೊಳದಿಲ್ಲ ನೀನು. ಕಸ ಒಳಗ ಹೋಗಿ ಸಿಕ್ಕೊಂಡೈತಿ, ಶಾಫ್ಟ್ ಮುರದೈತಿ. ಹನ್ನೊಂದು ವರ್ಷದಾಗ ಮೇಸ್ತ್ರಿಗಾರು ಮಾಡಿದ ಒಂದು ಶಾಫ್ಟ್ ಮುರದಿಲ್ಲ. ಬೇಕಾರ ಕೇಳು, ಇಲ್ಲೇ ಅದಾರ.”

ಅಪ್ಪ ಕೈ ಚಾಚಿ ತುಂಡುಗಳನ್ನು ತೆಗೆದುಕೊಂಡ. ಒಂದರ ತುದಿಯಲ್ಲಿ ಪಂಚಿನಿಂದ ಹೊಡೆದ ಎರಡು ಚುಕ್ಕಿ ಇದ್ದವು. ಅದು ಅಪ್ಪನ ಗುರುತು. ಮುರಿದ ಬಾಯಿಯನ್ನು ಬೆಳಕಿಗೆ ಹಿಡಿದ. ಮುಕ್ಕಾಲು ಭಾಗ ಕಪ್ಪಗಿತ್ತು, ಅಂಚಿನ ಒಂದು ಚೂರು ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಅಂದರೆ ಬಿರುಕು ಎಷ್ಟೋ ದಿನದಿಂದ ಬೆಳೆಯುತ್ತಿತ್ತು, ಇವತ್ತು ಉಳಿದ ಚೂರು ಕಿತ್ತಿತು. ಮೈಮೇಲೆ ಇರುವೆ ಗೂಡಿನ ಹಾಗೆ ಸಣ್ಣ ಸಣ್ಣ ಕೆಂಪು ತೂತು.

ಅಪ್ಪ ನಮ್ಮ ಹತ್ತಿರ ಬಂದು ಕೂತ. “ಇದು ಹೊಸಾ ರಾಡಿಂದು,” ಎಂದ ಕನ್ನಡದಲ್ಲಿ. ಆ ದೋಣಿಯಲ್ಲಿ ಕನ್ನಡ ಬರುವವರು ನಾವು ಮೂವರೇ.

“ಯಾವ ಹೊಸಾದು?” ಎಂದಳು ಅವ್ವ.

“ಹೋದ ವರ್ಷ ನಮ್ಮ ಕಾರ್ಖಾನಿ ಸೇಠ್ ಬ್ಯಾರೆ ಉಕ್ಕಿನ ರಾಡ್ ತರಿಸಿದ. ಲೇತಿನ ಮ್ಯಾಲ ಮೊದಲಿನಂಗ ಕೊಯ್ಯಲಿಲ್ಲ ಅದು. ಯಾಕ ಅಂತ ಕೇಳೀನಿ ನಾನು. ಸ್ಟೇನ್‌ಲೆಸ್ ಅಂದ್ರ ಸ್ಟೇನ್‌ಲೆಸ್ಸೇ, ನೀರಿನ ಟಾಕ್ಯಾಗ ಹಾಕಿ ನೋಡು ಅಂದ. ಒಂದು ತಿಂಗಳು ಟಾಕ್ಯಾಗ ಓಡಿಸಿದ್ವಿ. ಒಂದು ಚುಕ್ಕಿ ತುಕ್ಕು ಬರಲಿಲ್ಲ.”

“ಹಂಗಾರ ನಿಮ್ದೇನ್ರಿ ತಪ್ಪು?”

“ಟಾಕ್ಯಾಗ ಇದ್ದದ್ದು ಬೋರಿನ ನೀರು.”

ಉಪ್ಪುನೀರಿನಲ್ಲಿ ಓಡುವ ಪಂಪನ್ನು ಸಿಹಿನೀರಿನಲ್ಲಿ ಪರೀಕ್ಷೆ ಮಾಡಿ ಕಳಿಸಿದ್ದರು. ಆ ಕಾರ್ಖಾನೆಯಲ್ಲಿ ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ. ನಮ್ಮ ಕಡೆ ನೀರೆಂದರೆ ಬೋರಿನ ನೀರು, ಟ್ಯಾಂಕರಿನ ನೀರು.

“ಹೇಳಬೇಕು,” ಎಂದ ಅಪ್ಪ.

“ದಂಡಿಗೆ ಮುಟ್ಟಲಿ ಮೊದಲ. ಸುತ್ತ ನೀರು, ಅವರ ದೋಣಿ, ನಮ್ಮ ಕೂಸು ಬ್ಯಾರೆ ಐತಿ. ಏನಂತಾರೋ ಏನೋ. ಸೇಠ್‌ಗ ಗೊತ್ತಾದ್ರ ಕೆಲಸಾನೂ ಉಳಿಯಂಗಿಲ್ಲ. ಊರಿಗೆ ಹೋಗಿ ಫೋನ್‌ನ್ಯಾಗ ಹೇಳ್ರಿ.”

“ಅವನ್ನ ಬೈಯಾಕತ್ತಾರಲ್ಲ.”

“ಭಾವ, ಮೈದುನ. ಬೈತಾರ, ನಾಳೆ ಕೂಡಿ ಉಣ್ತಾರ. ಅವರ ನಡುವ ನೀವ್ಯಾಕ ಹೋಗ್ತೀರಿ?”

ಯಜಮಾನರು ಈ ಕಡೆ ತಿರುಗಿದರು. “ಅಮ್ಮಗಾರು ಏನಂತಾರ, ಮೇಸ್ತ್ರಿಗಾರು?”

“ಹೆದರ್ಯಾಳ,” ಎಂದ ಅಪ್ಪ ತೆಲುಗಿನಲ್ಲಿ.

ಯಜಮಾನರು ವೈರ್‌ಲೆಸ್ಸಿನಲ್ಲಿ ಹತ್ತಿರದ ಒಂದು ದೋಣಿಯನ್ನು ಕರೆದರು. ಅದು ಬರಲು ಎರಡು ತಾಸು ಹಿಡಿಯಿತು. ಅಷ್ಟು ಹೊತ್ತೂ ಅಪ್ಪ ಶಾಫ್ಟಿನ ತುಂಡುಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ. ಡ್ರೈವರ್ ಮುಂದಿನ ಮೂತಿಯಲ್ಲಿ ನಮಗೆ ಬೆನ್ನು ಹಾಕಿ ಕೂತಿದ್ದ. ಅವ್ವ ರೊಟ್ಟಿಗೆ ಹಿಂಡಿ ಹಚ್ಚಿಕೊಂಡು, ಹೊಯ್ದಾಡುವ ಹಲಗೆಯ ಮೇಲೆ ಕೂತೇ ಸರಿಯುತ್ತ ಅವನ ತನಕ ಹೋದಳು. ಅವನು ತಲೆ ಅಲ್ಲಾಡಿಸಿದ. ರೊಟ್ಟಿಯನ್ನು ಹಿಡಿದೇ ತಿರುಗಿ ಬಂದಳು. ಅವಳು ಕಲ್ಲುಮನಸ್ಸಿನವಳಲ್ಲ. ನಮ್ಮನ್ನು ದಡಕ್ಕೆ ಮುಟ್ಟಿಸುವುದೊಂದೇ ಅವಳ ತಲೆಯಲ್ಲಿತ್ತು.

ಎಳೆಯಲು ಬಂದ ದೋಣಿಯಲ್ಲಿ ಆರೇಳು ಜನ ಇದ್ದರು. ಹಗ್ಗ ಎಸೆಯುವಾಗಲೇ ಏನಾಯಿತೆಂದು ಕೇಳಿದರು. ಯಜಮಾನರು ಅವರಿಗೆ ಕೇಳುವಂತೆ ಕೂಗಿ ಹೇಳಿದರು:

“ಹೆಂಡ್ತಿ ತಮ್ಮ ಅಂತ ಎಂಜಿನ್ ಕೈಗೆ ಕೊಟ್ಟೆ. ಜಾಲರಿ ಸೈತ ತೊಳದಿಲ್ಲ. ಬಕೆಟ್ ಕೊಡಬೇಕಿತ್ತು. ಮೀನು ತೊಳಕೊಂಡು ಇರತಿದ್ದ.”

ಆ ದೋಣಿಯವರು ಜೋರಾಗಿ ನಕ್ಕರು. “ಬಕೆಟ್‌ಗೂ ಜಾಲರಿ ಇದ್ರ ಅದೂ ಕಟ್ಟತಿತ್ತು,” ಎಂದು ಒಬ್ಬ ಸೇರಿಸಿದ. ಡ್ರೈವರ್ ಎದ್ದ. ಕೈ ಒರೆಸಿಕೊಂಡ. ಕೆಳಗೆ ಬಿದ್ದಿದ್ದ, ನಟ್ಟು ಬಿಚ್ಚುವ ಪಾನಾ ಎತ್ತಿ ಯಜಮಾನರ ಕಾಲ ಹತ್ತಿರ ಮೆಲ್ಲಗೆ ಇಟ್ಟ.

“ಇನ್ನ ನೀವೇ ನಡಸ್ರಿ, ಭಾವ.”

ಆಗ ಅಪ್ಪ ಎದ್ದು ನಿಂತ. ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದರಲ್ಲಿ ಶಾಫ್ಟ್ ಹಿಡಿದು ಎಲ್ಲ ಹೇಳಿದ. ರಾಡು, ಟಾಕಿ, ಬೋರಿನ ನೀರು. ಬಿರುಕು ಹಳೆಯದು, ಡ್ರೈವರ್ ಕೇಳಿದ ಸಪ್ಪಳ ಅದೇ, ಜಾಲರಿಗೂ ಇದಕ್ಕೂ ಸಂಬಂಧ ಇಲ್ಲ ಎಂದ. ಅಪ್ಪನ ತೆಲುಗು ಹೈದರಾಬಾದಿನದು, ಉರ್ದು ಬೆರೆತದ್ದು. ಅವತ್ತು ಅದರಲ್ಲಿ ಕನ್ನಡವೂ ಸೇರಿತ್ತು. ಅವ್ವ ಸೆರಗು ಬಾಯಿಗೆ ಹಿಡಿದಿದ್ದಳು.

ಯಜಮಾನರು ಬೈಯಲಿಲ್ಲ. ಶಾಫ್ಟ್ ತೆಗೆದುಕೊಂಡು ಉಗುರಿನಿಂದ ಒಂದು ತೂತು ಕೆರೆದರು.

“ಇಂಥಾವು ಎಷ್ಟು ಕಳಿಸೀರಿ ಇಲ್ಲಿಗೆ?”

“ಒಂಬತ್ತು.”

ಯಾರ ಯಾರ ದೋಣಿಗೆ ಎಂದು ಅವರು ಬೆರಳು ಮಡಚಿದರು. ನಮ್ಮದನ್ನು ಬಿಟ್ಟು ಐದು ದೋಣಿ ಆಗ ಸಮುದ್ರದಲ್ಲಿದ್ದವು. ವೈರ್‌ಲೆಸ್ಸಿನ ಮೈಕು ಅಪ್ಪನ ಕೈಗೆ ಕೊಟ್ಟು, “ನೀವೇ ಹೇಳ್ರಿ. ನಾ ಹೇಳಿದ್ರ ಚ್ಯಾಷ್ಟಿ ಅಂತಾರ,” ಎಂದರು.

ಅಪ್ಪ ಮೈಕನ್ನು ಫೋನಿನಂತೆ ಕಿವಿಗೆ ಹಿಡಿದ. ಯಜಮಾನರು ಅದನ್ನು ಬಾಯಿಗೆ ಸರಿಸಿದರು. “ನಾನು ಹೈದರಾಬಾದಿನಿಂದ, ಪಂಪಿನ ಶಾಫ್ಟ್ ಮಾಡಾವ,” ಎಂದ ಅಪ್ಪ.

“ಹೈದರಾಬಾದ್‌ತನ ಯಾವಾಗ ಬಂತಪ್ಪ ವೈರ್‌ಲೆಸ್ಸು?” ಎಂದಿತು ಒಂದು ದನಿ. ಹಿಂದೆ ನಗು. ಅಪ್ಪ ತಡೆದು ಮತ್ತೆ ಮೊದಲಿನಿಂದ ಹೇಳಿದ. ನಗು ನಿಂತಿತು. ನಾಲ್ಕು ದೋಣಿಗಳವರು ಒಬ್ಬೊಬ್ಬರಾಗಿ ಉತ್ತರ ಕೊಟ್ಟರು. ಅವರಲ್ಲಿ ಒಬ್ಬ ಕೇಳಿದ: “ಈಗಷ್ಟ ಬಲಿ ಬೀಸೀವಿ. ಎತ್ತಬೇಕೇನು?”

ಅಪ್ಪ ಯಜಮಾನರ ಮುಖ ನೋಡಿದ. ಅವರು ನೀರಿನ ಕಡೆ ನೋಡುತ್ತಿದ್ದರು.

“ಎತ್ತ್ರಿ,” ಎಂದ ಅಪ್ಪ.

ಐದನೆಯದು ಉತ್ತರ ಕೊಡಲಿಲ್ಲ. ನಮ್ಮನ್ನು ದಡಕ್ಕೆ ಎಳೆದು ತರುವಾಗ ದಾರಿಯುದ್ದಕ್ಕೂ ಅಪ್ಪ ಅದನ್ನೇ ಕರೆಯುತ್ತಿದ್ದ. ಡ್ರೈವರ್ ದಡದಲ್ಲಿ ಮೊದಲು ಇಳಿದ, ತಿರುಗಿ ನೋಡದೆ ಹೋದ. ಅಪ್ಪ ಅವನ ಹಿಂದೆ ನಾಲ್ಕು ಹೆಜ್ಜೆ ಓಡಿ, ನೆಲವೂ ಹೊಯ್ದಾಡುತ್ತಿದ್ದುದರಿಂದ ನಿಂತುಬಿಟ್ಟ.

ಐದನೆಯ ದೋಣಿ ಮೂರನೆಯ ದಿನ ತಾನೇ ಬಂತು. ಅದರ ಪಂಪು ಹೊಸದು, ಏನೂ ಆಗಿರಲಿಲ್ಲ. ತಿರುಗಿ ಬಂದ ನಾಲ್ಕರಲ್ಲಿ ಎರಡು ಶಾಫ್ಟ್ ಬಿರುಕು ಬಿಟ್ಟಿದ್ದವು. ಇನ್ನೆರಡರ ಮೇಲೆ ಬರೀ ತೂತು. ಆ ಎರಡು ದೋಣಿಯವರು ಮೀನಿಲ್ಲದೆ ಬಂದದ್ದಕ್ಕೆ ಅಪ್ಪನಿಗೆ ಫೋನ್ ಮಾಡಿ ಬೈದರು. ಇನ್ನೂ ಒಂದು ತಿಂಗಳು ನಡೀತಿತ್ತು, ಹೆದರಿಸಿ ಕರೆಸಿದೆ ಎಂದರು. ಅಪ್ಪ ಎಲ್ಲಕ್ಕೂ “ಹೌದ್ರಿ” ಎನ್ನುತ್ತಿದ್ದ.

ಸೇಠ್ ಕಿರುಚಾಡಲಿಲ್ಲ. “ನನಗ ಬಂದು ಹೇಳಬೇಕಿತ್ತು. ನೀರಿನ ನಡುವ ನಿಂತು ಊರಿಗೆಲ್ಲ ಸಾರೂದು ಏನಿತ್ತು?” ಎಂದರಂತೆ. ತಿಂಗಳ ಕೊನೆಗೆ ಅಪ್ಪ ಅಲ್ಲಿಂದ ಹೊರಬಿದ್ದ. ಈಗ ಅದೇ ರಸ್ತೆಯ ಇನ್ನೊಂದು ಶೆಡ್ಡಿನಲ್ಲಿ ಕೆಲಸ ಮಾಡುತ್ತಾನೆ.

ಯಜಮಾನರು ಭಾವಮೈದುನನ ಮನೆಗೆ ಹೋಗಿ ಕರೆದರಂತೆ. ಅವನು ಬರಲಿಲ್ಲ. “ಅಂದದ್ದು ಮಂದಿ ಮುಂದ, ಕರಿಯೂದು ಮನ್ಯಾಗ,” ಎಂದನಂತೆ. ಅಕ್ಕ ಅತ್ತರೂ ಬರಲಿಲ್ಲ. ಇದನ್ನು ಯಜಮಾನರೇ ಅಪ್ಪನಿಗೆ ಫೋನಿನಲ್ಲಿ ಹೇಳಿದರು. ಅಪ್ಪ ಹೇಳಿದ್ದು ನಿಜ, ಆದರೆ ಎರಡು ತಾಸು ತಡವಾಗಿ ಹೇಳಿದ. ಮುಂಚೆಯೇ ಹೇಳಿದ್ದರೆ ಆ ಬಕೆಟ್ಟಿನ ಮಾತೇ ಹುಟ್ಟುತ್ತಿರಲಿಲ್ಲ. ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವ್ವ ಒಮ್ಮೆ ರೊಟ್ಟಿ ಬಡಿಯುತ್ತ, “ದಂಡಿಗೆ ಹೋಗಿ ಹೇಳ್ರಿ ಅಂದಾಕಿ ನಾನು,” ಎಂದಳು. “ಕೇಳಿದಾವ ನಾನು,” ಎಂದ ಅಪ್ಪ.

ಬೇಸಿಗೆಯಲ್ಲಿ ಒಂದು ಸಂಜೆ ಡ್ರೈವರ್ ತಾನಾಗಿ ಫೋನ್ ಮಾಡಿದ. ವಿಶಾಖಪಟ್ಟಣದಲ್ಲಿ ಬೇರೆಯವರ ದೋಣಿ ಸೇರಿದ್ದೇನೆ ಎಂದ. ಅವ್ವನ ಅಂಗೈ ಗಾಯ ಮಾದಿತೇ ಎಂದು ಕೇಳಿದ. ಅಪ್ಪನ ದನಿಯಲ್ಲಿ ತಿಂಗಳುಗಟ್ಟಲೆ ಇಲ್ಲದ ಗೆಲುವು ಬಂತು. ಸ್ಪೀಕರ್ ಹಾಕಿ ನಮಗೂ ಕೇಳಿಸಿದ.

“ಅಲ್ಲಿ ಪಂಪ್ ಯಾವುದೈತಿ? ಸಪ್ಪಳ ಹೆಂಗೈತಿ? ಒಂದು ಸಲ ಬಿಚ್ಚಿ ಶಾಫ್ಟ್ ನೋಡು. ಫೋಟೋ ಕಳಿಸಿದ್ರ ನಾ ಹೇಳ್ತೀನಿ.”

“ನನಗ ಎಂಜಿನ್ ಕೊಟ್ಟಿಲ್ರಿ ಮೇಸ್ತ್ರಿಗಾರು,” ಎಂದ ಅವನು. “ಕಾಕಿನಾಡದ ಬಕೆಟ್ ಸುದ್ದಿ ಇಲ್ಲೀತನ ಬಂದೈತಿ. ಬಲಿ ಎಳೀತೀನಿ.”

ಅಪ್ಪ ಫೋನನ್ನು ಹಿಡಿದುಕೊಂಡೇ ಕೂತಿದ್ದ. ಆ ಕಡೆಯಿಂದ ಅವನು ಎರಡು ಸಲ “ಹಲೋ” ಎಂದ. ಕೊನೆಗೆ ಅವ್ವ ಫೋನು ತೆಗೆದುಕೊಂಡು, ಗಾಯ ಮಾದಿದೆ ಎಂದು ಹೇಳಿದಳು.