ಅವ್ವನ ತುಟಿ ಮತ್ತು ಹದಿನಾರು ಆವರ್ತನ

ಅವ್ವ ಬಾಯಿ ಮುಚ್ಚಿದರೆ ನನ್ನ ಕೈ ನಿಲ್ಲಬೇಕು. ಖಾನಾಪುರದ ನಮ್ಮ ಓಣಿಯ ಅಕ್ಕನ ಬಳಗದಲ್ಲಿ ನಾನು ತಬಲಾಕ್ಕೆ ಕೂತಾಗಿನಿಂದ ಇದ್ದದ್ದು ಇದೊಂದೇ ಕಟ್ಟಳೆ. ಪ್ರತಿ ಸೋಮವಾರ ಹೆಂಗಸರು ಸೇರಿ ವಚನ ಹಾಡುತ್ತಿದ್ದರು, ಅವ್ವನೇ ಮುಂದಾಳು. ವಚನವಿಲ್ಲದ ತಬಲಾ ಬರೀ ಗದ್ದಲ ಎನ್ನುತ್ತಿದ್ದಳು. ಹಾಗಾಗಿ ನಾನು ನನ್ನ ಕೈ ನೋಡಿಕೊಂಡವಳೇ ಅಲ್ಲ, ಅವಳ ತುಟಿ ನೋಡಿ ಬಾರಿಸಿದವಳು.

ಎಂಬತ್ತರ ದಶಕದ ಆರಂಭದಲ್ಲಿ ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟ್ ಆದೆ. ಅಲ್ಲಿ ನಕ್ಷೆ ಬರೆಯುವ ಗೋವಾ ಕಡೆಯ ಹಿರಿಯರೊಬ್ಬರು ರವಿವಾರ ದಂಡಿನವರಿರುವ ಕ್ಯಾಂಪಿನಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದರು, ಅವರ ತಮ್ಮ ಡ್ರಮ್‌ಸೆಟ್ ಬಾರಿಸುತ್ತಿದ್ದರು. ಊಟದ ಬಿಡುವಿನಲ್ಲಿ ನಾನು ಮೇಜಿನ ಮೇಲೆ ಬೆರಳಾಡಿಸುವುದನ್ನು ಕೇಳಿ ಹಿರಿಯರು ನನ್ನನ್ನೂ ಕರೆದರು. ಅವರು ನುಡಿಸುವ ಜಾಝ್ ಅಂದರೇನೆಂದು ನನಗೇನು ಗೊತ್ತು? ಆದರೆ ನನ್ನ ಏಳು ಮಾತ್ರೆಯ ರೂಪಕ ತಾಳದ ಮೇಲೆ ಅವರ ಸ್ವರ ತೂರಾಡುತ್ತ ಬಂದು, ಬೀಳದೆ ನಿಂತಾಗ ಮೈ ಜುಮ್ಮೆಂದಿತು.

ತೊಂದರೆ ಒಂದೇ. ಹಾಡಿನ ನಡುವೆ ಅವರಿಬ್ಬರೂ ಸುಮ್ಮನಾಗಿ ನನ್ನೊಬ್ಬಳನ್ನೇ ಬಿಡುತ್ತಿದ್ದರು. ಹದಿನಾರು ಆವರ್ತನ, ಅಂದರೆ ತಾಳದ ಹದಿನಾರು ಸುತ್ತು, ಮನಸ್ಸಿಗೆ ಬಂದದ್ದು ಬಾರಿಸು ಎಂದು. ಸ್ಯಾಕ್ಸೊಫೋನ್ ನಿಂತ ಸ್ವಲ್ಪದರಲ್ಲೇ ನನ್ನ ಕೈಯೂ ನಿಲ್ಲುತ್ತಿತ್ತು. ತಾಲೀಮಿನಲ್ಲಿ ಮೂರು, ನಾಲ್ಕು, ಹೆಚ್ಚೆಂದರೆ ಐದು. ಕಾಲೇಜೊಂದರ ಸಭಾಂಗಣದಲ್ಲಿ ಕಾರ್ಯಕ್ರಮ ನಿಗದಿಯಾಯಿತು. ಅವ್ವನ ಮುಂದೆ ಎಲ್ಲ ಹೇಳಿಕೊಂಡೆ. ತಾನೂ ಬರುತ್ತೇನೆ, ಸರಿ ಕಾಣದಿದ್ದರೆ ಇದೇ ಕಡೆಯ ಸಲ ಎಂದಳು. ಸುಮ್ಮನೆ ಹೆದರಿಸುವ ಹೆಂಗಸಲ್ಲ ಅವಳು.

ಅಂದು ಬೆಳಿಗ್ಗೆಯಿಂದ ಮಳೆ. ತಬಲಾವನ್ನು ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಬೆಳಗಾವಿ ಹತ್ತಿರದ ಪೀರನವಾಡಿ ಬಂದಾಗ ಮುಟ್ಟಿದರೆ ಚರ್ಮ ಸಡಿಲ. ವೇದಿಕೆಯ ಹಿಂದೆ ಸುತ್ತಿಗೆಯಿಂದ ಬಡಿದು ಬಡಿದು ಸ್ವರ ಏರಿಸುವಷ್ಟರಲ್ಲಿ ನಮ್ಮ ಸರದಿ ಬಂತು.

ಮೂರನೆಯ ಹಾಡಿನಲ್ಲಿ ಹಿರಿಯರು ವಾದ್ಯ ಕೆಳಗಿಳಿಸಿದರು. ತಮ್ಮನೂ ಕಡ್ಡಿಗಳನ್ನು ತೊಡೆಯ ಮೇಲಿಟ್ಟರು. ಒಂದು, ಎರಡು, ಮೂರು. ನಾಲ್ಕಕ್ಕೆ ನನ್ನ ಕೈ ತನ್ನಷ್ಟಕ್ಕೆ ನಿಂತಿತು. ಹಿಂದಿನಿಂದ ಯಾರೋ ನಕ್ಕರು. ನಾನು ನೋಡಿದ್ದು ಹಿರಿಯರನ್ನಲ್ಲ, ಮುಂದಿನ ಸಾಲಿನಲ್ಲಿದ್ದ ಅವ್ವನ ತುಟಿಯನ್ನು. ಅದು ಬಿಗಿದಿತ್ತು. ಮುಗಿಯಿತು ಅಂದುಕೊಂಡು ತಲೆ ತಗ್ಗಿಸುವಾಗ ಅವಳ ಮೊಣಕಾಲು ಕಣ್ಣಿಗೆ ಬಿತ್ತು. ಅಲ್ಲಿ ಅವಳ ಬೆರಳು ಏಳು ಮಾತ್ರೆ ಎಣಿಸುತ್ತಿತ್ತು, ಒಂದೂ ತಪ್ಪಿರಲಿಲ್ಲ. ಅದನ್ನೇ ಹಿಡಿದು, ಹಿರಿಯರು ಮತ್ತೆ ಊದುವವರೆಗೂ ಬಾರಿಸಿದೆ. ಎಷ್ಟು ಆವರ್ತನವಾಯಿತೋ ಲೆಕ್ಕವಿಲ್ಲ.

ವಾಪಸು ಬಸ್ಸಿನಲ್ಲಿ ಅವ್ವನ ಪಕ್ಕ ಕೂತೆ. ಊರು ಹತ್ತಿರವಾದಂತೆ ನನಗೆ ತಡೆಯಲಾಗಲಿಲ್ಲ.

"ಯವ್ವಾ, ಬಿಟ್ಟಬಿಡ್ಲೇನು?" ಎಂದೆ.

"ನಾ ಬಾಯಿ ಮುಚ್ಚಿದ್ರ ನಿನ್ನ ಕೈ ನಿಂದರತೈತಿ. ಹಂಗ ಕಲಿಸಿದಾಕಿ ನಾನ," ಎಂದಳು. "ತಪ್ಪು ನಂದೈತಿ."

ಬಿಡು ಎಂದಳೋ ಬಾರಿಸು ಎಂದಳೋ ತಿಳಿಯದೆ ಸೋಮವಾರದವರೆಗೆ ಒದ್ದಾಡಿದೆ.

ಸೋಮವಾರ ಬಳಗದಲ್ಲಿ ಮೊದಲ ವಚನ ಮುಗಿಯಿತು. ಅವ್ವ ಬಾಯಿ ಮುಚ್ಚಿದಳು, ನನ್ನ ಕೈ ನಿಂತಿತು. ಅವಳು ಮುಂದಿನ ವಚನ ಎತ್ತಿಕೊಳ್ಳಲಿಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡರು. ಅವ್ವ ಕಣ್ಣು ಮುಚ್ಚಿ ಮೊಣಕಾಲಿನ ಮೇಲೆ ಎಣಿಸತೊಡಗಿದಳು. ನಾನು ಬಾರಿಸತೊಡಗಿದೆ. ಹದಿನಾರು ಆವರ್ತನ ಮುಗಿಯುವವರೆಗೂ ಅವಳು ಬಾಯಿ ತೆರೆಯಲಿಲ್ಲ.