ಐಸ್‌ಕ್ರೀಮಿಗೆ ಎಲ್ಲಿಗೆ?

ಕಳೆದ ವಾರ ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಅತ್ತೆಯ ಧ್ವನಿ ಬಂತು. ಅತ್ತೆಗೆ ಟೈಪ್ ಮಾಡುವುದೆಂದರೆ ಉದಾಸೀನ. ಚಾವಡಿಯಲ್ಲಿ ಕೂತು, ಅಡುಗೆಮನೆಯಲ್ಲಿರುವ ನನಗೂ ಧ್ವನಿಯನ್ನೇ ಕಳಿಸುತ್ತಾರೆ. "ಬರುವ ಆದಿತ್ಯವಾರ ಹುಡುಗನ ಕಡೆಯವರು ಸಿಗ್ತಾರೆ. ನಾಟಕದ ಟಿಕೆಟ್ ಆಗಿದೆ. ಮಧ್ಯಾಹ್ನ ಊಟಕ್ಕೆ ಯಾವ ಹೋಟೆಲು, ಮತ್ತೆ ಐಸ್‌ಕ್ರೀಮಿಗೆ ಎಲ್ಲಿಗೆ, ಅದನ್ನೆಲ್ಲ ಸೊಸೆ ನೋಡಿಕೊಳ್ತಾಳೆ. ಅವಳ ಸೆಲೆಕ್ಷನ್ ಯಾವತ್ತೂ ತಪ್ಪಿದ್ದಿಲ್ಲ."

ಹುಡುಗಿ ನನ್ನ ನಾದಿನಿ, ಗಂಡನ ತಂಗಿ. ಬಜಪೆಯ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಗ್ರೂಪಿನಲ್ಲಿ ಅವಳೂ ಇದ್ದಾಳೆ, ಆದರೆ ಏನೂ ಬರೆಯಲಿಲ್ಲ. ಮಾವ ಹೆಬ್ಬೆರಳು ಎತ್ತಿದರು. ದುಬೈಯಲ್ಲಿರುವ ನನ್ನ ಗಂಡ ಎರಡು ಹೆಬ್ಬೆರಳು ಕಳಿಸಿದ. ನನಗೆ ಮೈಯೆಲ್ಲ ಉರಿಯಿತು. ಯಾವತ್ತೂ ತಪ್ಪಿಲ್ಲ ಎಂದು ಅವರು ಹೊಗಳಿದ ಆ ಸೆಲೆಕ್ಷನ್ ನನ್ನ ಬದುಕಿನ ಅತಿ ದೊಡ್ಡ ತಪ್ಪು. ಅದನ್ನು ನಾನು ಮಾಡಿದ್ದು ಒಂಬತ್ತು ವರ್ಷದ ಹಿಂದೆ, ಇಂಥದೇ ಒಂದು ಆದಿತ್ಯವಾರ.

ಆಗ ನಾನು ವಾಮಂಜೂರಿನ ಒಂದು ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿದ್ದೆ. ಮೂರು ವರ್ಷ ಆಗಿತ್ತು, ಇನ್ನು ನಾಲ್ಕು ತಿಂಗಳಿಗೆ ಖಾಯಂ ಮಾಡುತ್ತೇವೆಂದು ಹೇಳಿದ್ದರು. ಲ್ಯಾಬಿನ ಬೀಗದ ಕೈ ನನ್ನ ಬ್ಯಾಗಿನಲ್ಲಿರುತ್ತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲು ತೆಗೆಯುವಾಗ ಆಗುತ್ತಿದ್ದ ಖುಷಿ ನನಗೆ ಮತ್ತೆ ಯಾವುದರಲ್ಲೂ ಆಗಿಲ್ಲ. ಮದುವೆ ಬೇಡವೇ ಬೇಡ ಎಂದಲ್ಲ. ಈಗ ಬೇಡ, ಕೆಲಸ ಬಿಡಿಸುವ ಮನೆ ಬೇಡ, ಅಷ್ಟೇ. ಬಂದ ಸಂಬಂಧವೋ ಬೆಂಗ್ರೆಯದು. ಮುಂದೆ ಹೊಳೆ, ಹಿಂದೆ ಕಡಲು. ದೋಣಿ ಹತ್ತಿ ಪೇಟೆಗೆ ಬಂದು, ಅಲ್ಲಿಂದ ಎರಡು ಬಸ್ಸು ಹಿಡಿದು ವಾಮಂಜೂರಿಗೆ ಯಾವ ಸೊಸೆಯನ್ನು ಯಾರು ಕಳಿಸುತ್ತಾರೆ?

ನಮ್ಮಲ್ಲಿ ಈಗ ಹುಡುಗಿ ನೋಡುವುದಕ್ಕೆ ಮನೆಗೆ ಬರುವ ಕ್ರಮ ಕಡಿಮೆ. ಮನೆಗೆ ಬಂದರೆ ನೆರೆಕರೆಗೆಲ್ಲ ಗೊತ್ತಾಗುತ್ತದೆ, ಕೂಡಿ ಬರದಿದ್ದರೆ ಹುಡುಗಿಗೆ ಕೆಟ್ಟ ಹೆಸರು. ಹಾಗಾಗಿ ಹೊರಗೆ ಸಿಗುವುದು. ಊಟ, ತುಳು ನಾಟಕ, ಕೊನೆಗೆ ಐಸ್‌ಕ್ರೀಮು. ಒಪ್ಪಿಗೆ ಇಲ್ಲದಿದ್ದರೆ ನಾಟಕ ಮುಗಿದ ಕೂಡಲೇ "ದೋಣಿಗೆ ಹೊತ್ತಾಯ್ತು", "ತಲೆನೋವು" ಎಂದು ಏನಾದರೊಂದು ಹೇಳಿ ಹೊರಡಬೇಕು. ಒಟ್ಟಿಗೆ ಕೂತು ಐಸ್‌ಕ್ರೀಮು ತಿಂದರೆ ಮಾತು ಆಯಿತೆಂದೇ ಲೆಕ್ಕ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತುಂಟು.

ನನಗೆ ಇಷ್ಟ ಇಲ್ಲ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಮೀನು ತೊಳೆಯುತ್ತಿದ್ದವಳು ತಲೆ ಎತ್ತಲಿಲ್ಲ.

"ನೋಡ್ಲಿಕ್ಕೆ ಎಂತ ಉಂಟು ಮಾರಾಯ್ತಿ? ಒಂದು ಊಟ, ಒಂದು ನಾಟಕ. ಹೋಟೆಲು ನೀನೇ ಸೆಲೆಕ್ಟ್ ಮಾಡು. ಅಪ್ಪ ಬೇಡ ಹೇಳ್ಲಿಕ್ಕಿಲ್ಲ."

ಹೋಟೆಲು ನೀನೇ ಸೆಲೆಕ್ಟ್ ಮಾಡು. ಆ ವಾರವಿಡೀ ಅಪ್ಪ, ಅಮ್ಮ, ಚಿಕ್ಕಮ್ಮ, ಎಲ್ಲರೂ ನನ್ನನ್ನು ಕೇಳಿದ್ದು ಅದೊಂದನ್ನೇ. ಎ.ಸಿ. ಬೇಕಾ, ಸಾದಾ ಸಾಕಾ? ಹಂಪನಕಟ್ಟೆಯಾ, ಕದ್ರಿಯಾ? ವೆಜ್ಜಾ, ನಾನ್‌ವೆಜ್ಜಾ? ಅಷ್ಟು ಪ್ರಶ್ನೆಗಳಲ್ಲಿ ಹುಡುಗನ ಬಗ್ಗೆ ಒಂದೂ ಇರಲಿಲ್ಲ. ಸಿಟ್ಟಿನಲ್ಲಿ ನನಗೊಂದು ಉಪಾಯ ಹೊಳೆಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ನನ್ನ ಅಪ್ಪ ಮೀನು ವ್ಯಾಪಾರದವರು. ನಲವತ್ತು ವರ್ಷ ದಕ್ಕೆಯಲ್ಲಿ, ಬೋಟಿನಿಂದ ಇಳಿದ ಮೀನಿನ ರಾಶಿಯ ಎದುರು ನಿಂತವರು. ಅವರು ಹೋಟೆಲಿನಲ್ಲಿ ಮೀನು ತಿನ್ನುವುದಿಲ್ಲ. ಒಮ್ಮೆ ನೆಂಟರ ಜೊತೆ ತಿನ್ನಲೇಬೇಕಾಗಿ ಬಂದಾಗ, ಕಾಣೆ ಫ್ರೈಯ ತುಂಡನ್ನು ಮೂಗಿಗೆ ಹಿಡಿದು, "ಇದು ಮೊನ್ನೆಯ ಮೀನು" ಎಂದು ಇಡೀ ಹೋಟೆಲಿಗೆ ಕೇಳುವ ಹಾಗೆ ಹೇಳಿ, ಮ್ಯಾನೇಜರನನ್ನು ಕರೆಸಿ, ಹಸಿ ಮೀನಿನ ಕಿವಿರು ತೋರಿಸು ಎಂದು ಜಗಳ ಮಾಡಿದ್ದರು. ಆ ನೆಂಟರು ಮತ್ತೆ ನಮ್ಮನ್ನು ಊಟಕ್ಕೆ ಕರೆಯಲಿಲ್ಲ. ನಾನು ನಗರದಲ್ಲೇ ದೊಡ್ಡ ಮೀನಿನ ಹೋಟೆಲೊಂದನ್ನು ಹುಡುಕಿ ಏಳು ಜನರ ಟೇಬಲು ಹೇಳಿದೆ. ಅಪ್ಪ ಬಾಯಿ ಬಿಡಲಿ, ಹುಡುಗನ ಕಡೆಯವರಿಗೆ ನಾಚಿಕೆಯಾಗಲಿ, ಸಂಬಂಧ ಅಲ್ಲಿಗೇ ಮುಗಿಯಲಿ.

ಆದಿತ್ಯವಾರ ಹನ್ನೆರಡೂವರೆಗೆ ಅವರು ಬಂದರು. ಹುಡುಗ, ಅವನ ಅಪ್ಪ, ಅಮ್ಮ, ಒಂಬತ್ತನೆಯ ಕ್ಲಾಸಿನ ತಂಗಿ. ಹುಡುಗ ಕೆಟ್ಟವನಾಗಿ ಕಾಣಲಿಲ್ಲ. ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅಂಜಲ್ ತವಾ ಫ್ರೈ ಬಂತು. ಅಪ್ಪ ತುಂಡು ಮುರಿದರು, ಮೂಗಿಗೆ ಹಿಡಿದರು. ನಾನು ನೀರಿನ ಗ್ಲಾಸು ಹಿಡಿದು ಕಾದೆ.

"ಇದು ಐಸಿನಲ್ಲಿ ನಾಲ್ಕು ದಿವಸ ಮಲಗಿದ ಮೀನು," ಎಂದರು ಅಪ್ಪ, ಗಟ್ಟಿಯಾಗಿಯೇ.

ಅಮ್ಮ ಕಣ್ಣು ಮುಚ್ಚಿಕೊಂಡಳು. ನಾನು ಎಣಿಸಿದ ಹಾಗೇ ಆಗುತ್ತಿತ್ತು. ಅಷ್ಟರಲ್ಲಿ ಹುಡುಗನ ಅಪ್ಪ ತಮ್ಮ ತಟ್ಟೆಯನ್ನು ದೂಡಿ ಎದ್ದು ನಿಂತರು.

"ನಾಲ್ಕು ಅಲ್ಲ ಭಾವ, ಐದು! ನಾನು ಹೇಳುವುದಾ ಬೇಡವಾ ಅಂತ ಕೂತಿದ್ದೆ. ಬನ್ನಿ, ಅಡುಗೆ ಕೋಣೆಗೇ ಹೋಗಿ ಕಿವಿರು ನೋಡುವ."

ಅವರು ಮೂವತ್ತು ವರ್ಷ ಬೋಟಿನಲ್ಲಿ ದುಡಿದವರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಯೋಚಿಸಲಿಲ್ಲ, ಅದೇ ನನ್ನ ಮೂರ್ಖತನ. ಇಬ್ಬರೂ ಕೈ ತೊಳೆಯದೆ ಒಳಗೆ ಹೋದರು. ಕಾಲು ಗಂಟೆಯ ಮೇಲೆ ಹೆಗಲಿಗೆ ಕೈ ಹಾಕಿಕೊಂಡು ಹೊರಗೆ ಬಂದರು. ಹಿಂದೆ ಅಡುಗೆಯವನು, ಅವರೇ ಆರಿಸಿದ ಬಂಗುಡೆಯನ್ನು ಹಿಡಿದುಕೊಂಡು, ಕಲಿಯುವ ಮಗುವಿನ ಹಾಗೆ. ಆಮೇಲೆ ಆ ಟೇಬಲಿನಲ್ಲಿ ನಡೆದದ್ದು ನನ್ನ ಮದುವೆಯ ಮಾತಲ್ಲ, ಗಾಳಿ, ಬಲೆ, ಮತ್ತೆ ಐಸ್ ಪ್ಲಾಂಟು ಬಂದು ಮೀನಿನ ರುಚಿ ಹಾಳಾದ ಕತೆ. ಮೀನಿನ ವಿಷಯದಲ್ಲಿ ಒಂದೇ ನಾಲಿಗೆಯಿರುವ ಎರಡು ಮನೆಗಳು ಬೇರೆ ಯಾವ ಜಾತಕ ನೋಡಬೇಕು? ನಾನು ತೋಡಿದ ಹೊಂಡಕ್ಕೆ ನಾನೇ ಬಿದ್ದಿದ್ದೆ.

ನಾಟಕದಲ್ಲಿ ಏಳು ಮಂದಿಯೂ ಒಂದೇ ಸಾಲು. ಗೋಡೆಯ ಬದಿಯ ಕುರ್ಚಿ ನನಗೆ, ಪಕ್ಕದಲ್ಲಿ ಹುಡುಗನ ತಂಗಿ, ಅವಳಾಚೆ ಎಲ್ಲರೂ. ಏಳಬೇಕಾದರೆ ಆರು ಜನರ ಮೊಣಕಾಲು ದಾಟಬೇಕು. ವೇದಿಕೆಯ ಮೇಲೆ ಒಬ್ಬ ಹೆಂಡತಿಗೆ ಹೆದರಿ ಮಂಚದಡಿ ಅಡಗಿದ್ದ, ಸಭೆ ಬಿದ್ದು ಬಿದ್ದು ನಗುತ್ತಿತ್ತು. ನನಗೆ ಅವನನ್ನು ಕಂಡರೆ ಹೊಟ್ಟೆಕಿಚ್ಚಾಯಿತು. ಅವನಿಗೆ ಅಡಗಲು ಮಂಚವಾದರೂ ಇತ್ತು. ಮಧ್ಯಂತರದಲ್ಲಿ ಹುಡುಗ ಚಾ ತಂದುಕೊಟ್ಟು, "ಒಳ್ಳೆ ಹೋಟೆಲು ಸೆಲೆಕ್ಟ್ ಮಾಡಿದ್ರಿ. ಅಪ್ಪ ಇಷ್ಟು ಖುಷಿಯಲ್ಲಿದ್ದದ್ದು ನಾನು ನೋಡಿಯೇ ಇಲ್ಲ," ಎಂದ. ಅವನು ಮನಸಾರೆ ಹೇಳಿದ್ದ. ನಾನು ಚಾ ಕುಡಿದೆ.

ಕೊನೆಯ ಆಸೆಯಾಗಿ, ನಾಟಕ ಬಿಟ್ಟ ಕೂಡಲೇ ತಲೆನೋವೆಂದು ಅಮ್ಮನ ಸೆರಗು ಎಳೆದೆ. ಅಮ್ಮ ನನ್ನನ್ನು ಕೈತೊಳೆಯುವ ಜಾಗಕ್ಕೆ ಕರೆದುಕೊಂಡು ಹೋಗಿ ಪಿಸುಗುಟ್ಟಿದಳು.

"ಅಪ್ಪನ ಮುಖ ನೋಡು. ಎಷ್ಟು ವರ್ಷ ಆಯ್ತು ಅವರು ಹಾಗೆ ನಗಾಡದೆ. ಈಗ ಹೋಗುದಾ ನಾವು? ಎಂತ ಹೇಳಿ ಹೋಗುದು?"

ಊಟಕ್ಕೆ ಬಂದವಳು ಐಸ್‌ಕ್ರೀಮಿಗೆ ಬಾರದಿರುತ್ತಾಳೆಯೇ! ಅಂಗಡಿಯನ್ನೂ ನಾನೇ ಆರಿಸಿದ್ದೆ, ನಡೆದು ಹೋಗುವಷ್ಟು ದೂರದ್ದು. ಏಳು ಗಡ್‌ಬಡ್ ಬಂದವು. ಉದ್ದ ಗ್ಲಾಸು, ಮೇಲೆ ಐಸ್‌ಕ್ರೀಮು, ನಡುವೆ ಹಣ್ಣು, ಒಣದ್ರಾಕ್ಷಿ, ತಳದಲ್ಲಿ ಜೆಲ್ಲಿ. ನಾನು ಚಮಚ ಮುಟ್ಟಲಿಲ್ಲ. ದೊಡ್ಡವರು ಆಗಲೇ ತಿಂಗಳು ಲೆಕ್ಕ ಹಾಕುತ್ತಿದ್ದರು. ಎದುರಿಗೆ ಕೂತಿದ್ದ ಹುಡುಗನ ತಂಗಿ, ಬಾಯಿಯ ಸುತ್ತ ಗುಲಾಬಿ ಬಣ್ಣ ಮಾಡಿಕೊಂಡು, ನನ್ನ ಕರಗುತ್ತಿದ್ದ ಗ್ಲಾಸನ್ನು ನೋಡಿ ಕೇಳಿದಳು.

"ಅಕ್ಕ, ನಿಮಗೆ ನನ್ನ ಅಣ್ಣ ಇಷ್ಟವಾ?"

ಆ ಇಡೀ ವಾರದಲ್ಲಿ, ಆ ಇಡೀ ದಿನದಲ್ಲಿ, ನನ್ನನ್ನು ಅದನ್ನು ಕೇಳಿದ್ದು ಅವಳೊಬ್ಬಳೇ. "ಎಂತ ಪ್ರಶ್ನೆ ಅದು? ಸುಮ್ಮನೆ ತಿನ್ನು," ಎಂದು ಅವಳ ಅಮ್ಮ ಗದರಿದರು. ಆದರೂ ಅವಳು ನನ್ನನ್ನೇ ನೋಡುತ್ತಿದ್ದಳು. ಎಲ್ಲರೂ ನೋಡುತ್ತಿದ್ದರು. ಅಪ್ಪನೂ. ಬಾಯಿ ತೆರೆದರೆ ಇಲ್ಲ ಎನ್ನಬೇಕಿತ್ತು. ಬಾಯಿ ತೆರೆದೆ. ಚಮಚ ತುಂಬಿ ಬಾಯಿಗೆ ಇಟ್ಟುಕೊಂಡೆ. ಎಲ್ಲರೂ ನಕ್ಕರು. ಜೆಲ್ಲಿಯ ತನಕ ತಿಂದು ಮುಗಿಸಿದೆ.

ಲ್ಯಾಬಿನ ಬೀಗದ ಕೈಯನ್ನು ಎರಡು ತಿಂಗಳ ಮೇಲೆ ವಾಪಸು ಕೊಟ್ಟೆ. ಗಂಡ ಒಳ್ಳೆಯವನು, ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಾನೆ. ಅತ್ತೆ ಮಾವ ನನ್ನ ಮೇಲೆ ಒಂದು ದಿನವೂ ಕೈ ಎತ್ತಿಲ್ಲ, ಗಟ್ಟಿ ಮಾತಾಡಿಲ್ಲ. ದೂರಲಿಕ್ಕೆ ಏನೂ ಇಲ್ಲದ ಮನೆಯಿಂದ ಹೊರಗೆ ಹೋಗುವುದಕ್ಕೆ ಬಾಗಿಲು ಯಾವ ಕಡೆ ಎಂದು ನನಗೆ ಈವರೆಗೆ ಗೊತ್ತಾಗಿಲ್ಲ.

ಅತ್ತೆಯ ಧ್ವನಿ ಬಂದ ಮರುದಿನ, ಮನೆಯವರ ಕಿವಿಗೆ ಬೀಳದ ಕಡೆ ಮಾತಾಡಬೇಕೆಂದು, ನಾನು ದೋಣಿ ಹತ್ತಿ, ಬಸ್ಸು ಹಿಡಿದು ಬಜಪೆಗೆ ಹೋದೆ. ನಾದಿನಿಯ ಊಟದ ಬಿಡುವಿನಲ್ಲಿ ಅವಳ ಎದುರು ಕೂತೆ.

"ಹೋಟೆಲಿನ ವಿಷಯವಾ ಅತ್ತಿಗೆ? ನಿಮಗೆ ಎಲ್ಲಿ ಸರಿ ಕಾಣ್ತದೆ ಅಲ್ಲಿ," ಎಂದಳು.

"ಹೋಟೆಲು ಅಲ್ಲ. ಆ ಹುಡುಗ ನಿನಗೆ ಇಷ್ಟವಾ?"

ಅವಳು ಬುತ್ತಿಯ ಮುಚ್ಚಳವನ್ನು ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಅವಳ ಕಣ್ಣು ತುಂಬಿತು. "ಇಲ್ಲ ಅತ್ತಿಗೆ," ಎಂದಳು. "ಯಾರೂ ಕೇಳ್ಲೇ ಇಲ್ಲ."

ದೋಣಿಗೆ ಕಾಯುತ್ತಾ ಗ್ರೂಪಿನಲ್ಲಿ ಬರೆದೆ. 'ಅವಳಿಗೆ ಈ ಹುಡುಗ ಇಷ್ಟ ಇಲ್ಲ. ಇದು ನನ್ನ ಊಹೆ ಅಲ್ಲ, ಅವಳನ್ನೇ ಕೇಳಿ ಹೇಳುತ್ತಿದ್ದೇನೆ. ನಾನು ಹೋಟೆಲು ಆರಿಸುವುದಿಲ್ಲ.'

ಹೆಬ್ಬೆರಳು ಯಾರೂ ಎತ್ತಲಿಲ್ಲ. ದೋಣಿ ಆಚೆ ದಡ ಮುಟ್ಟುವಾಗ ಅತ್ತೆಯ ಧ್ವನಿ ಬಂತು, ಯಾವತ್ತಿನ ಹಾಗೆ ಮೆತ್ತಗೆ. "ಆಯ್ತು ಮಗಾ, ಊಟ ಬೇಡ. ಐಸ್‌ಕ್ರೀಮಿಗೆ ಎಲ್ಲಿಗೆ ಹೋಗುವ, ಅದನ್ನಾದರೂ ಹೇಳು."